ತೊಳೆಯುವ ಕೈ, ಉಣ್ಣುವ ಕೈ

ನರೇಗಲ್ಲಿನಂಥ ಊರಿರಲಿ, ಹುಬ್ಬಳ್ಳಿ-ಬೆಳಗಾವಿಯಂಥ ಪಟ್ಟಣವಿರಲಿ, ಕೆಲವು ಮನೆಗಳಲ್ಲಿ ಎರಡು ಬಗೆಯ ಪಾತ್ರೆಗಳಿರುತ್ತವೆ. ಗಾಜಿನ ಕಪಾಟಿನಲ್ಲಿ ನೀಲಿ ಹೂಬಳ್ಳಿಯ ಹಳೆಯ ಇಂಗ್ಲಿಷ್ ಪಿಂಗಾಣಿ ತಟ್ಟೆ, ಕಪ್ಪು-ಬಸಿ. ಅವು 'ದೊಡ್ಡವರು' ಬಂದಾಗ ಮಾತ್ರ ಹೊರಗೆ ಬರುತ್ತವೆ. ಹೊಲದ ಆಳಿಗೆ, ಮುಸುರೆ ತಿಕ್ಕುವವಳಿಗೆ ಹಿತ್ತಲ ಗೂಡಿನಲ್ಲಿ ಬೇರೆ ಲೋಟ. ಇದು ಸರಿಯೇ?

"ಬೆಲೆಬಾಳುವ ವಸ್ತು, ಒಡೆದರೆ ಮತ್ತೆ ಸಿಗದು" ಎನ್ನುತ್ತೇವೆ. ಆದರೆ ಮುಪ್ಪಿನಿಂದ ಕೈ ನಡುಗುವ ಸಿರಿವಂತ ನೆಂಟನಿಗೆ ಅದೇ ಬಸಿಯಲ್ಲಿ ಚಹಾ ಕೊಡುತ್ತೇವೆ. ಊಟವಾದ ಮೇಲೆ ಆ ತಟ್ಟೆಗಳನ್ನು ತೊಳೆಯುವವಳು ಯಾರು? ಅದೇ ಹೆಂಗಸು. ತೊಳೆಯುವಾಗ ನಂಬುವ ಕೈಯನ್ನು ಉಣ್ಣುವಾಗ ನಂಬುವುದಿಲ್ಲವೇ? ಹಾಗಾದರೆ ನಾವು ಹೆದರಿದ್ದು ಒಡೆಯುವುದಕ್ಕಲ್ಲ.

ಈ ತಟ್ಟೆಗಳ ಕಥೆಯೇ ನಮಗೆ ಪಾಠ. ಇಂಗ್ಲೆಂಡಿನ ಸ್ಟೋಕ್ ಊರಿನ ಜೋಸಯ್ಯ ಸ್ಪೋಡ್ 1784ರ ಹೊತ್ತಿಗೆ, ತಾಮ್ರದ ಹಲಗೆಯಲ್ಲಿ ಕೊರೆದ ಚಿತ್ರವನ್ನು ತೆಳು ಕಾಗದಕ್ಕೆ ಒತ್ತಿ, ಅಲ್ಲಿಂದ ಪಾತ್ರೆಗೆ ಇಳಿಸುವ ನೀಲಿ ಮುದ್ರಣವನ್ನು ಹದಕ್ಕೆ ತಂದ. ಭಟ್ಟಿಯ ಉರಿಯನ್ನು ತಾಳಿಕೊಳ್ಳುವ ಕೋಬಾಲ್ಟ್ ನೀಲಿ ಇದಕ್ಕೆ ಒದಗಿತು. ಪ್ರತಿ ತಟ್ಟೆಗೂ ಕುಂಚ ಹಿಡಿಯುವ ಶ್ರಮ ತಪ್ಪಿತು. ಸಿರಿವಂತರ ಮೇಜಿನ ಚೆಲುವು ಸಾಧಾರಣ ಕುಟುಂಬಗಳಿಗೂ ಎಟುಕಿತು. ಹೀಗೆ ಹಲವರದ್ದಾದ ವಸ್ತುವನ್ನು ನಾವು ಮತ್ತೆ ಕೆಲವರಿಗೆ ಮೀಸಲಿಟ್ಟಿದ್ದೇವೆ.

ನಮ್ಮ ನಾಡಿನ ಮಡಿವಂತ ಮನೆಗಳಲ್ಲಿ ಇದು ತಿರುವುಮುರುವಾಗಿತ್ತು. ಕಂಚು-ಹಿತ್ತಾಳೆಯನ್ನು ಬೆಳಗಿ ಶುದ್ಧ ಮಾಡಬಹುದು, ಪಿಂಗಾಣಿಯನ್ನು ಆಗದು ಎಂಬ ನಂಬಿಕೆಯಿಂದ ಬೇರೆ ಜಾತಿಯವರಿಗೆಂದೇ ಪಿಂಗಾಣಿ ಬಸಿ ತೆಗೆದಿಡುತ್ತಿದ್ದರು. ಒಂದು ಕಡೆ ಗೌರವದ ಗುರುತು, ಇನ್ನೊಂದು ಕಡೆ ದೂರವಿಡುವ ಗುರುತು! ದೋಷ ತಟ್ಟೆಯದಲ್ಲ, ಬಡಿಸುವ ಮನಸ್ಸಿನದು.

ನರೇಗಲ್ಲಿಗೆ ಇದಕ್ಕಿಂತ ಹಿರಿದಾದ ನೆನಪಿದೆ. ರಾಣಿ ಪದ್ಮಬ್ಬರಸಿ ಇಲ್ಲಿ ಕಟ್ಟಿಸಿದ ಬಸದಿಯ ದಾನಶಾಲೆಗೆ ಕೆರೆಯೊಂದನ್ನು ದತ್ತಿ ಬಿಟ್ಟುದನ್ನು ಕ್ರಿ.ಶ. 950ರ ಶಾಸನ ಹೇಳುತ್ತದೆ. ಸಾವಿರ ವರ್ಷ ಕಳೆದರೂ ಆ ಕಲ್ಲಿನಲ್ಲಿ ಉಳಿದಿರುವುದು ಕೊಟ್ಟದ್ದರ ಲೆಕ್ಕ, ಬಚ್ಚಿಟ್ಟದ್ದರದಲ್ಲ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಹೋಟೆಲಿನಲ್ಲಿ ಅಸ್ಪೃಶ್ಯತೆಯ ನೆಪದಿಂದ ಲೋಟ ನಿರಾಕರಿಸುವುದನ್ನು 1955ರ ಕಾಯಿದೆ ಅಪರಾಧವೆಂದಿತು. ಆದರೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಪೊಲೀಸರು ನಿಲ್ಲಲಾರರು. ಅಲ್ಲಿ ಆತ್ಮಸಾಕ್ಷಿಯೇ ಕಾವಲು.

ಹಿರಿಯರು ಬಿಟ್ಟುಹೋದ ಅಪರೂಪದ ತಟ್ಟೆಯನ್ನು ಯಾರಿಗೂ ಬಳಸದೆ ಜೋಪಾನ ಮಾಡಿದರೆ ತಪ್ಪಿಲ್ಲ. ಹೊರಗೆ ತೆಗೆಯುವುದಾದರೆ ಮಾತ್ರ, ಅದನ್ನು ತೊಳೆಯುವವಳಿಗೂ ಒಮ್ಮೆ ಅದರಲ್ಲೇ ಬಡಿಸೋಣ. ಆಗ ಹಿತ್ತಲ ಗೂಡಿನ ಆ ಲೋಟಕ್ಕೆ ಮನೆಯಲ್ಲಿ ಕೆಲಸವಿರುವುದಿಲ್ಲ.