ಸಂಬಳವಿಲ್ಲದ ಸೇವೆಯೂ ನಮ್ಮ ಉಪಕಾರಸ್ಮರಣೆಯೂ



ಸಭೆಯಲ್ಲಿ ಸಂಬಳವಿಲ್ಲದೆ ಸೇವೆಮಾಡುವವರಿಗೆ ನಾವು ಉಪಕಾರ ಹೇಳತಕ್ಕದ್ದೋ? ದೇವರಿಗಾಗಿ ಮಾಡಿದ ಕೆಲಸಕ್ಕೆ ದೇವರೇ ಪ್ರತಿಫಲ ಕೊಡುವನು, ಮನುಷ್ಯರು ಹೊಗಳಿದರೆ ಅದು ಕೆಡುವದು ಎಂದು ಕೆಲವರು ವಾದಿಸುವರು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಕರ್ತನ ಅಪ್ಪಣೆಯನ್ನೂ ತೋರಿಸುವರು. ಆದರೆ ಆ ಅಪ್ಪಣೆಯು ಕೊಡುವವನಿಗೆ ಆದದ್ದೇ ಹೊರತು ಪಡೆದವನಿಗೆ ಆದದ್ದಲ್ಲ. ಪಡೆದವನು ಅದರ ಮರೆಯಲ್ಲಿ ಬಾಯಿ ಮುಚ್ಚಿಕೊಂಡಿರುವದು ನ್ಯಾಯವಲ್ಲ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ 20ಕ್ಕಿಂತ ಹೆಚ್ಚು ಮಂದಿಯನ್ನು ಹೆಸರುಗೊಂಡು ವಂದಿಸುತ್ತಾನೆ. ಮರಿಯಳೂ ಪೆರ್ಸೀಸಳೂ ಪಟ್ಟ ಪ್ರಯಾಸವನ್ನು ಅವನು ಮರೆಯಲಿಲ್ಲ.

ನಾವೋ ಬಹಳ ಮರೆತಿದ್ದೇವೆ. ಬಾಸೆಲ್ ಮಿಶನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರೆಂದು ಓದಿದ್ದೇವೆ. 1914ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಸರಕಾರವು ಜರ್ಮನ್ ಮಿಶನರಿಗಳನ್ನು ಸೆರೆಯಲ್ಲಿಟ್ಟು, ತರುವಾಯ ದೇಶದಿಂದ ಕಳುಹಿಸಿಬಿಟ್ಟಿತು. ಆಗ ಸಭೆಗಳ ಭಾರವು ದೇಶೀಯ ಪಾದ್ರಿಗಳ, ಉಪದೇಶಿಗಳ, ಹಿರಿಯರ ಹೆಗಲಿಗೆ ಬಿತ್ತು. ಅವರಲ್ಲಿ ಎಷ್ಟು ಜನರ ಹೆಸರನ್ನು ಬಲ್ಲೆವು? ಕಸ ಗುಡಿಸಿದವರ, ನೀರು ಹೊತ್ತವರ ಹೆಸರನ್ನಂತೂ ಕೇಳಲೇಬೇಡಿರಿ.

ಆದರೆ ಹೆಸರು ಹೇಳಿದ ಮಾತ್ರಕ್ಕೆ ಋಣವು ತೀರುವದೋ? ಇದರಲ್ಲಿ ನಾನೇ ತಪ್ಪಿದವನು. ನಮ್ಮ ಸಭೆಯ ಒಬ್ಬ ವಿಧವೆ ತಾಯಿಯು ಪ್ರತಿ ಶನಿವಾರ ಪ್ರಾರ್ಥನಾಮಂದಿರವನ್ನು ಗುಡಿಸಿ, ಜಮಖಾನೆ ಝಾಡಿಸಿ, ಕುಡಿಯುವ ನೀರಿನ ಕೊಡ ತುಂಬಿಸಿಡುವರು. ಸುಗ್ಗಿಯ ಆರಾಧನೆಯ ದಿನ ನಾನು ಅವರನ್ನು ಎಬ್ಬಿಸಿ ನಿಲ್ಲಿಸಿ ಬಹಳ ಹೊಗಳಿದೆನು. ಜನರು ಚಪ್ಪಾಳೆ ತಟ್ಟಿದರು. ಹೊರಗೆ ಬಂದ ಮೇಲೆ ಆ ತಾಯಿಯು, “ನನ್ನ ಹೆಸರ ಹೇಳಿದ್ರಿ, ಖರೆ. ಮುಂದಿನ ಶನಿವಾರ ಕಸಬರಗಿ ಹಿಡಿಯಾಕ ಯಾರ ಬರ್ತಾರ್ರಿ ಉಪದೇಶಿಗಳ?” ಅಂದರು. ಅಷ್ಟು ಪ್ರಸಂಗ ಮಾಡಿದ ನನಗೆ ಒಂದು ಉತ್ತರ ತೋಚಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಒಕ್ಕಲುತನ ಮಾಡುವವರೇ, ನೀವು ಮುಯ್ಯಾಳಿನ ಪದ್ಧತಿಯನ್ನು ಬಲ್ಲಿರಿ. ನಿನ್ನ ಹೊಲಕ್ಕೆ ಇಂದು ನಾನು ಬಂದರೆ, ನನ್ನ ಹೊಲಕ್ಕೆ ನಾಳೆ ನೀನು ಬರಬೇಕು. ಬಾಯಿಮಾತಿನ ಉಪಚಾರದಿಂದ ಮುಯ್ಯಿ ತೀರಿತೆಂದು ಯಾವ ರೈತನೂ ಒಪ್ಪನು. ಸಭೆಯ ಕೆಲಸದಲ್ಲಿ ಮಾತ್ರ ಯಾಕೆ ಒಪ್ಪುತ್ತೇವೆ? ಭೇದವೇನಂದರೆ, ಮುಯ್ಯಿಯಲ್ಲಿ ದಿನಕ್ಕೆ ದಿನದ ಲೆಕ್ಕ ಉಂಟು, ಸಭೆಯಲ್ಲಿ ಆ ಲೆಕ್ಕ ಸಲ್ಲದು. ಆ ತಾಯಿಯು ನನಗೆ ಮಾಡಿದ್ದನ್ನು ನಾನು ಬೇರೊಬ್ಬ ರೋಗಿಯ ಹಾಸಿಗೆಯ ಬಳಿಯಲ್ಲಿ ಕೂತು ತೀರಿಸಬಹುದು. ಆದರೂ ಕಸಬರಿಗೆಯನ್ನು ಬಿಟ್ಟು ರೋಗಿಯನ್ನೇ ಹುಡುಕಿಕೊಂಡು ಹೋಗುವದು ಒಂದು ಜಾಣತನವೇ ಸರಿ.

ಮುಂದಿನ ಶನಿವಾರ ನಾನೂ ಇಬ್ಬರು ಹುಡುಗರೂ ಹೋದೆವು. ನಾನು ಮೂಲೆಯಲ್ಲಿ ಬಿಟ್ಟಿದ್ದ ಕಸವನ್ನು ಆ ತಾಯಿಯು ಬೆರಳಿನಿಂದ ತೋರಿಸಿ, ನಗುತ್ತಾ ಮತ್ತೊಮ್ಮೆ ಗುಡಿಸಹಚ್ಚಿದರು.