ದಾಸೋಹದ ಅಳತೆ

ಕಲಬುರಗಿಯ ಗಾಜಿಪುರದಲ್ಲಿ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದಾಗ, ಮುಂಬಯಿಯಿಂದ ಬಂದಿದ್ದ ಮಠದ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು: "ಅಪ್ಪಗಳೇ, ಸರಕಾರ ಕೊಡುವ ರೇಷನ್ನು ಮನುಷ್ಯನಿಗೆ ಸಲ್ಲತಕ್ಕದ್ದೋ, ಅವನಿರುವ ಊರಿಗೆ ಸಲ್ಲತಕ್ಕದ್ದೋ?" ನಮ್ಮ ಭಾಗದಿಂದ ದುಡಿಯಲು ಹೋದವರ ನಡುವೆ ಬಾಳಿದವರು ಅವರು. ಪ್ರಶ್ನೆ ಸಣ್ಣದು, ಆದರೆ ಅದರೊಳಗೆ ದೊಡ್ಡದೊಂದು ಧರ್ಮಜಿಜ್ಞಾಸೆ ಅಡಗಿದೆ.

ಈ ಪ್ರಶ್ನೆ ನಮ್ಮ ದೇಶದ್ದು ಮಾತ್ರವಲ್ಲ. ಕೆರಿಬಿಯನ್ ಸಮುದ್ರದಲ್ಲಿ ಪೋರ್ಟೋರಿಕೋ ಎಂಬ ದ್ವೀಪವಿದೆ. 1898ರಿಂದ ಅದು ಅಮೆರಿಕೆಯ ಅಧೀನದಲ್ಲಿದ್ದು, 1917ರಿಂದ ಅಲ್ಲಿಯವರು ಅಮೆರಿಕೆಯ ಪ್ರಜೆಗಳೇ ಆಗಿದ್ದಾರೆ. ಅಮೆರಿಕೆಯ ರಾಜ್ಯಗಳಲ್ಲಿ ಅರ್ಹ ಬಡವರ ಸಂಖ್ಯೆ ಹೆಚ್ಚಿದರೆ ಆಹಾರ ನೆರವಿನ ವೆಚ್ಚವೂ ತಾನಾಗಿಯೇ ಹೆಚ್ಚುತ್ತದೆ. ದ್ವೀಪಕ್ಕಾದರೋ 1982ರಿಂದ ವರ್ಷಕ್ಕೆ ಇಂತಿಷ್ಟು ಎಂದು ಗಂಟು ಕಟ್ಟಿ ಕೊಡಲಾಗುತ್ತಿದೆ. ಹಸಿದವರು ಹೆಚ್ಚಿದರೂ ಗಂಟು ಹಿಗ್ಗದು. 2017ರಲ್ಲಿ ಮರಿಯಾ ಎಂಬ ಚಂಡಮಾರುತ ದ್ವೀಪವನ್ನು ಧ್ವಂಸಗೊಳಿಸಿದಾಗಲೂ, ಹೆಚ್ಚಿನ ಅನ್ನಕ್ಕಾಗಿ ಸಂಸತ್ತಿನ ಪ್ರತ್ಯೇಕ ಮಂಜೂರಾತಿಯನ್ನು ಕಾಯಬೇಕಾಯಿತು. ಅದೇ ಮನುಷ್ಯ ಸಮುದ್ರ ದಾಟಿ ಫ್ಲೋರಿಡಾದಲ್ಲಿ ನೆಲೆಸಿದರೆ ಅಲ್ಲಿಯವರ ಪೂರ್ಣ ಹಕ್ಕಿಗೆ ಪಾತ್ರನಾಗುತ್ತಾನೆ. ಪ್ರಜೆ ಅವನೇ, ಹಸಿವೂ ಅದೇ. ಬದಲಾದುದು ದಡ ಮಾತ್ರ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಉದಾರವಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅಂಡಮಾನ್‌ಗೂ ಲಕ್ಷದ್ವೀಪಕ್ಕೂ ಕಲಬುರಗಿಗೂ ಒಂದೇ. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ. ಆದರೆ ಕಾನೂನು ಹೊರಗಿಡದಿದ್ದರೆ ಸಾಕೇ? ಹಿಂದೆ ಗುಲಬರ್ಗಾ ಜಿಲ್ಲೆಗೆ ಸೇರಿ, ಈಗ ಯಾದಗಿರಿ ಜಿಲ್ಲೆಯಲ್ಲಿರುವ ನೀಲಕಂಠರಾಯನಗಡ್ಡೆಯನ್ನು ನೆನೆಯಿರಿ. ಅದು ಕೃಷ್ಣೆಯ ನಡುವಿನ ನಡುಗಡ್ಡೆ. ಆ ಕಾಯ್ದೆ ಬಂದ 2013ರಲ್ಲಿಯೇ, ತುಂಬು ಗರ್ಭಿಣಿಯೊಬ್ಬಳು ಸುರಕ್ಷಿತ ಹೆರಿಗೆಗಾಗಿ ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮೈದುಂಬಿದ ಹೊಳೆಯನ್ನು ಈಜಿ ದಾಟಿದಳು. ದಿಲ್ಲಿಯ ಕಾನೂನು ಆಕೆಯನ್ನು ಹೊರಗಿಟ್ಟಿರಲಿಲ್ಲ, ಹೊಳೆ ಇಟ್ಟಿತ್ತು. ತಲುಪಲು ಕಷ್ಟವಾದ ಪ್ರದೇಶಗಳ ದುರ್ಬಲರ ಕಡೆಗೆ ವಿಶೇಷ ಗಮನವಿರಬೇಕೆಂದು ಆ ಕಾಯ್ದೆಯ 30ನೆಯ ಕಲಮು ಹೇಳುತ್ತದೆ. ಹಕ್ಕನ್ನು ಬರೆಯುವುದು ಅರ್ಧ ಧರ್ಮ; ದೋಣಿಯಲ್ಲಿ ಚೀಲವನ್ನು ಇಟ್ಟು ದಾಟಿಸುವುದು ಉಳಿದರ್ಧ.

ಇಲ್ಲಿ ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನಾವು ಚಿಂತಿಸಬೇಕು. ದಾನದಲ್ಲಿ ಅಳತೆಯನ್ನು ನಿಶ್ಚಯಿಸುವವನು ಕೊಡುವವನು. ಅವನ ಕೈ ನಿಂತಲ್ಲಿ ದಾನವೂ ನಿಲ್ಲುತ್ತದೆ. ದಾಸೋಹದಲ್ಲಿ ಅಳತೆಯನ್ನು ನಿಶ್ಚಯಿಸುವುದು ಪಂಕ್ತಿ. ಜನ ಹೆಚ್ಚಿದರೆ ಇನ್ನೊಂದು ಸೇರು ನುಚ್ಚು ಒಲೆಗೇರುತ್ತದೆ. ಗಂಟು ಕಟ್ಟಿ ಕೊಟ್ಟ ನೆರವು ದಾನ. ಹಸಿವನ್ನು ಎಣಿಸಿ ಕೊಟ್ಟ ನೆರವು ದಾಸೋಹ. ಬರಗಾಲದಲ್ಲಿ ಏನು ಮಾಡಬೇಕು ಎಂದು ಕೇಳಬಹುದು. ಆಗ ಅಂಬಲಿಯನ್ನು ಇಡೀ ಪಂಕ್ತಿಗೆ ತೆಳುಮಾಡಬೇಕೇ ಹೊರತು, ಕೊನೆಯ ಸಾಲಿಗೆ ಮಾತ್ರ ನೀರು ಬೆರೆಸಬಾರದು. ಕೊರತೆ ಎಲ್ಲರದಾದರೆ ಅದು ಕಷ್ಟ. ಒಂದು ಸಾಲಿನದು ಮಾತ್ರವಾದರೆ ಅನ್ಯಾಯ.

ದ್ವೀಪದ ಹೆಚ್ಚಿನವರು ಕೇಂದ್ರಕ್ಕೆ ಆದಾಯತೆರಿಗೆ ಕೊಡುವುದಿಲ್ಲ, ಆದುದರಿಂದ ಸಮಪಾಲು ಕೇಳಲಾಗದು ಎಂಬ ವಾದವೊಂದಿದೆ. ವೃದ್ಧರಿಗೂ ಅಂಗವಿಕಲರಿಗೂ ಸಲ್ಲುವ ಮತ್ತೊಂದು ನೆರವಿನ ಮೊಕದ್ದಮೆಯಲ್ಲಿ, 2022ರಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟು ತೆರಿಗೆಯ ಈ ಭೇದವನ್ನು ಒಪ್ಪಿತು. ನ್ಯಾಯಶಾಸ್ತ್ರಕ್ಕೆ ಅದು ಸರಿಯಿರಬಹುದು. ಆದರೆ ಕಡು ಬಡವನು ಯಾವ ದಡದಲ್ಲಿದ್ದರೂ ಆದಾಯತೆರಿಗೆ ಕೊಡಲಾರನಷ್ಟೆ! ಹಾಗಿರುವಲ್ಲಿ ಒಂದು ದಡದ ಬಡವನಿಗೆ ಮಾತ್ರ ತೆರಿಗೆಯ ಲೆಕ್ಕ ತೋರಿಸುವುದು ಹೇಗೆ ನೀತಿಯಾದೀತು?

ಪುಕ್ಕಟೆ ಅನ್ನವು ಕಾಯಕವನ್ನು ಕೆಡಿಸುತ್ತದೆಂದು ಭಕ್ತರಲ್ಲಿಯೂ ಕೆಲವರು ಶಂಕಿಸುತ್ತಾರೆ. ಅವರು ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ನೆನೆಯಬೇಕು. ಮಾರಯ್ಯನು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದವಳು ಆ ತಾಯಿ. ಆಕೆ ನಿರಾಕರಿಸಿದುದು ಅಗತ್ಯಕ್ಕೆ ಮೀರಿದುದನ್ನು, ಅಗತ್ಯವಾದುದನ್ನಲ್ಲ. ಹೊಟ್ಟೆ ತುಂಬದವನು ಕಾಯಕವನ್ನಾದರೂ ಹೇಗೆ ಮಾಡಿಯಾನು?

ಇನ್ನು ಗಾಜಿಪುರದ ಪ್ರಶ್ನೆಗೆ ಬರೋಣ. ವಲಸೆ ಕಾರ್ಮಿಕರ ಸಂಕಷ್ಟದ ಮೊಕದ್ದಮೆಯಲ್ಲಿ, ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ನಮ್ಮ ಸುಪ್ರೀಂ ಕೋರ್ಟು 2021ರ ಜೂನ್‌ನಲ್ಲಿ ಆಜ್ಞಾಪಿಸಿತು. 2022ರ ಜೂನ್‌ನಲ್ಲಿ ಅಸ್ಸಾಮ್ ಸೇರುವುದರೊಂದಿಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಹೀಗೆ ರಾಷ್ಟ್ರದ ಪಾಲು ಮನುಷ್ಯನ ಹಿಂದೆಯೇ ನಡೆಯುತ್ತದೆ. ಆದರೆ ರಾಜ್ಯವು ತಾನಾಗಿ ಕೊಡುವ ಹೆಚ್ಚಿನ ಪಾಲು ಗಡಿಯಲ್ಲಿ ನಿಲ್ಲುತ್ತದೆ. ನಮ್ಮಲ್ಲಿಯೂ ಕಟ್ಟಿದ ಗಂಟು ಇಲ್ಲದಿಲ್ಲ. ಪಡೆಯುವವರ ಒಟ್ಟು ಸಂಖ್ಯೆಯನ್ನು 2011ರ ಜನಗಣತಿಯ ಮೇಲೆ ನಿಗದಿಮಾಡಲಾಯಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲಿಲ್ಲ. ಹಳೆಯ ಎಣಿಕೆಗೆ ಹೊಸ ಕೂಸಿನ ಹಸಿವು ಕೇಳಿಸದು.

ಸರಕಾರಗಳಿಗೆ ಬುದ್ಧಿ ಹೇಳುವ ಮೊದಲು ನಾವು ನಮ್ಮನ್ನೇ ನೋಡಿಕೊಳ್ಳಬೇಕು. ನಮ್ಮ ಮಠದ ಪ್ರಸಾದ ನಿಲಯದಲ್ಲಿ ಇಂತಿಷ್ಟೇ ಮಕ್ಕಳೆಂದು ಎಣಿಸಿ, ಒಂದು ವರ್ಷ ನಾವು ಬಾಗಿಲು ಮುಚ್ಚಿದೆವು. ಮರುದಿನ ತಂದೆಯ ಕೈಹಿಡಿದು ಬಂದ ಬಾಲಕನಿಗೆ ಸ್ಥಳವಿಲ್ಲವೆಂದೆವು. ಅವನು ಮರುಮಾತಾಡದೆ ನಮಸ್ಕರಿಸಿ ಹೊರಟುಹೋದನು. ನಿಯಮ ನಮ್ಮದೇ ಆಗಿತ್ತು. ಅಂದು ದಾಸೋಹದ ಮನೆಯಲ್ಲಿ ಕುಳಿತು ದಾನಿಯ ಅಳತೆಯನ್ನು ಹಿಡಿದವರೂ ನಾವೇ. ಇನ್ನೊಂದು ಸೇರು ನುಚ್ಚನ್ನು ಒಲೆಗಿಡಲಾಗದಷ್ಟು ಬಡತನ ಅಂದು ಮಠಕ್ಕೆ ಇರಲಿಲ್ಲ.

ಆದುದರಿಂದ ಆ ಹಳೆಯ ವಿದ್ಯಾರ್ಥಿಗೆ ನಮ್ಮ ಉತ್ತರವಿಷ್ಟೆ: ಅನ್ನವು ಊರಿಗೆ ಸಲ್ಲುವುದಲ್ಲ, ಹಸಿವಿಗೆ ಸಲ್ಲುವುದು. ನಿಮ್ಮ ಓಣಿಯಲ್ಲಿ ಚೀಟಿಯಿಲ್ಲದವರು ಯಾರು, ಚೀಟಿಯಿದ್ದೂ ಧಾನ್ಯ ತಲುಪದವರು ಯಾರು ಎಂಬುದನ್ನು ಪ್ರತಿಯೊಬ್ಬ ಭಕ್ತನೂ ವಿಚಾರಿಸಲಿ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲಿ. ಅದೂ ದಾಸೋಹವೇ. ಪಂಕ್ತಿಯ ಕೊನೆಯವನ ಎಲೆಯನ್ನು ನೋಡಿದ ಮೇಲೆಯೇ ಊಟ ಮುಗಿಯಿತೆಂದು ತಿಳಿಯುವ ಅರಿವನ್ನು ಶಿವನು ನಮ್ಮೆಲ್ಲರಿಗೂ ಕರುಣಿಸಲಿ.