ಸೆನ್ಸರ್ ಹೇಳಿದ್ದೆಲ್ಲಾ ಸತ್ಯವಾ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಬಂದು ಸಿಟಿಯಲ್ಲಿ ಕೆಲಸ ಮಾಡ್ತಿರೋ ಯೌವನಸ್ಥರು ಇವತ್ತು ತುಂಬಾ ಜನ ಇದ್ದೀರಿ. ದೇವರಿಗೆ ಸ್ತೋತ್ರ.

ಬೈಬಲ್ ತೆಗೀರಿ, ಮೊಬೈಲಲ್ಲಾದ್ರೂ ಪರವಾಗಿಲ್ಲ. 1 ಕೊರಿಂಥ 4ನೇ ಅಧ್ಯಾಯ, 4ನೇ ವಚನ. ಅಲ್ಲಿ ಪೌಲ ಹೇಳೋದರ ತಾತ್ಪರ್ಯ ಇಷ್ಟು: ನನ್ನ ಮನಸ್ಸಾಕ್ಷಿ ನನ್ನ ಮೇಲೆ ಯಾವ ತಪ್ಪೂ ಹೊರಿಸ್ತಿಲ್ಲ, ಹಾಗಂತ ನಾನು ನಿರಪರಾಧಿ ಅಂತ ತೀರ್ಮಾನ ಆಗಲ್ಲ, ವಿಚಾರಣೆ ಮಾಡೋನು ಕರ್ತನು. ಇನ್ನೊಂದು ಕಡೆ, 1 ಯೋಹಾನ 3:20ರಲ್ಲಿ, ನಮ್ಮ ಹೃದಯ ನಮ್ಮನ್ನ ದೋಷಿ ಅಂದ್ರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಅಂತಿದೆ. ಗಮನಿಸಿದ್ರಾ? ಒಳಗಿನ ಸ್ವರ "ಎಲ್ಲಾ ಸರಿ" ಅಂದಾಗಲೂ ತಪ್ಪಿರಬಹುದು, "ನೀನು ಮುಗಿದೆ" ಅಂದಾಗಲೂ ತಪ್ಪಿರಬಹುದು. ಹಾಗಾದ್ರೆ ಯಾವಾಗ ನಂಬೋದು?

ಇದಕ್ಕೆ ಹಳೇ ಕಾರಿನ ಉದಾಹರಣೆ ತಗೊಳ್ಳೋಣ. ನಿಮ್ಮಲ್ಲಿ ಎಷ್ಟೋ ಜನ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು, ಶನಿವಾರ ತುಮಕೂರು, ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ಹೋಗ್ತೀರಿ. ಮಾರುತಿ 800 ಕಾರು 1983ರಲ್ಲಿ ಬಂತು, 2014ರಲ್ಲಿ ನಿಂತಿತು. ಮೊದಲಿನ 800ರಲ್ಲಿ ಕಾರ್ಬುರೇಟರ್ ಇತ್ತು. ಆಮೇಲೆ ಎಂಪಿಎಫ್‌ಐ ಬಂತು, ಜೊತೆಗೆ ಇಸಿಯು ಅನ್ನೋ ಪುಟ್ಟ ಕಂಪ್ಯೂಟರ್ ಬಂತು. ಈ ಇಸಿಯುಗೆ ಕಣ್ಣಿಲ್ಲ. ಇಂಜಿನ್ ಬಿಸಿಯಾಗಿದೆಯಾ, ತಣ್ಣಗಿದೆಯಾ ಅಂತ ಅದು ಮುಟ್ಟಿ ನೋಡಲ್ಲ. ಸೆನ್ಸರ್ ಏನು ಹೇಳುತ್ತೋ ಅದನ್ನೇ ನಂಬಿ ಪೆಟ್ರೋಲ್ ಅಳೆದು ಹಾಕುತ್ತೆ.

ಅದರಲ್ಲಿ ಒಂದು ಕೂಲೆಂಟ್ ಟೆಂಪರೇಚರ್ ಸೆನ್ಸರ್. ಬೆರಳಿನಷ್ಟು ದಪ್ಪ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಕಡಿಮೆ. ಅನೇಕ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ವೈರ್ ಪೂರ್ತಿ ಕಟ್ ಆದ್ರೆ ಇಸಿಯು ಕಣ್ಣಿಗೆ ಅದು ಮೈನಸ್ 40 ಡಿಗ್ರಿ. ಶಿರಾದಲ್ಲಿ ಏಪ್ರಿಲ್ ತಿಂಗಳಲ್ಲಿ ಮೈನಸ್ 40! ಆಗ ಚೆಕ್ ಇಂಜಿನ್ ಲೈಟ್ ಹತ್ತುತ್ತೆ, ಕೋಡ್ ಬರುತ್ತೆ. ಇದು ಸುಲಭದ ಕೇಸು. ಕಷ್ಟ ಯಾವುದು ಗೊತ್ತಾ? ಅರ್ಧ ಸುಳ್ಳು ಹೇಳೋ ಸೆನ್ಸರ್. ಇಂಜಿನ್ 85 ಡಿಗ್ರಿ ಇದ್ದಾಗ ಅದು 40 ಅನ್ನುತ್ತೆ. ನಂಬೋ ಹಾಗಿರೋ ಸುಳ್ಳು, ಅದಕ್ಕೇ ಎಷ್ಟೋ ಸಲ ಲೈಟೂ ಇಲ್ಲ, ಕೋಡೂ ಇಲ್ಲ.

ಸೆನ್ಸರ್ ಯಾವಾಗಲೂ "ತಣ್ಣಗಿದೆ" ಅಂದ್ರೆ ಇಸಿಯು ಪೆಟ್ರೋಲ್ ಸುರೀತಾನೇ ಇರುತ್ತೆ. ಕಪ್ಪು ಹೊಗೆ, ಮೈಲೇಜ್ ಇಲ್ಲ, ಬಿಸಿಯಲ್ಲಿ ಸ್ಟಾರ್ಟ್ ಆಗಲ್ಲ. ಇಂಜಿನ್ ಚೆನ್ನಾಗಿದೆ, ಆದ್ರೆ ಸುಳ್ಳು ವರದಿಗೆ ದುಡಿದು ದುಡಿದು ಹಾಳಾಗ್ತಿದೆ. ಕೆಲವರ ಮನಸ್ಸಾಕ್ಷಿ ಹೀಗೇ. ಕ್ಷಮೆ ಕೇಳಿ ಆಗಿದೆ, ದೇವರು ಕ್ಷಮಿಸಿ ಆಗಿದೆ, ಆದ್ರೂ "ನೀನು ತಣ್ಣಗಿದ್ದೀಯ, ನಿನ್ನ ಪ್ರಾರ್ಥನೆ ಸಾಲದು, ಇನ್ನೊಂದು ಉಪವಾಸ ಮಾಡು" ಅಂತಾನೇ ಇರುತ್ತೆ. ಮಗಳೇ, ಮಗನೇ, ನಿನ್ನ ಹೃದಯಕ್ಕಿಂತ ದೇವರು ದೊಡ್ಡವನು. ಆಮೆನ್?

ಇನ್ನೊಂದು ಸುಳ್ಳು ಇದಕ್ಕಿಂತ ಅಪಾಯ. ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಪಾವಗಡದವರಿಗೆ ಹೇಳಬೇಕಾ? ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ವಾ, ಕೂಲೆಂಟ್ ಬದಲು ಅದೇ ನೀರು ಸುರಿದ್ರೆ ರೇಡಿಯೇಟರ್ ಒಳಗೂ, ಸೆನ್ಸರ್ ತುದಿಯ ಮೇಲೂ ಪೊರೆ ಕಟ್ಟುತ್ತೆ. ಬಿಸಿ ಅದಕ್ಕೆ ತಡವಾಗಿ ತಿಳಿಯುತ್ತೆ. ಅನೇಕ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗೋದೂ ಇದೇ ಸೆನ್ಸರ್ ಮಾತಿನ ಮೇಲೆ, ಹಾಗಾಗಿ ಫ್ಯಾನ್ ಕೂಡ ತಡ. ನೀರೇ ಸೋರಿ ಕಡಿಮೆಯಾಗಿದ್ರಂತೂ ಸೆನ್ಸರ್ ತುದಿಗೆ ನೀರೇ ತಾಗಲ್ಲ. ಮೀಟರ್ ಶಾಂತವಾಗಿರುತ್ತೆ, ಒಳಗೆ ಹೆಡ್ ಗ್ಯಾಸ್ಕೆಟ್ ಸುಡ್ತಿರುತ್ತೆ.

1 ತಿಮೊಥೆ 4:2ರಲ್ಲಿ ಬರೆ ಹಾಕಿದ ಹಾಗೆ ಜಡವಾದ ಮನಸ್ಸಾಕ್ಷಿಯ ಬಗ್ಗೆ ಪೌಲ ಬರೀತಾನೆ. ಅದು ಒಂದೇ ದಿನದಲ್ಲಿ ಆಗಲ್ಲ. ರಾತ್ರಿ ಮೊಬೈಲಲ್ಲಿ ನೋಡೋದು, ಆಫೀಸಲ್ಲಿ ಹೇಳೋ ಸಣ್ಣ ಸುಳ್ಳು, ಬೆಟ್ಟಿಂಗ್ ಆ್ಯಪಲ್ಲಿ ಹಾಕಿ ಮನೆಯವರಿಂದ ಮುಚ್ಚಿಟ್ಟ ದುಡ್ಡು. ದಿನಾ ಏನು ಸುರೀತೀವೋ ಅದೇ ಪೊರೆ. ಆಮೇಲೆ "ನಂಗೇನೂ ಅನ್ನಿಸ್ತಿಲ್ಲ ಬ್ರದರ್, ಸಮಾಧಾನವಾಗಿದೆ" ಅಂತೀವಿ. ಅದು ಸಮಾಧಾನವಾ, ಖಾಲಿ ರೇಡಿಯೇಟರಾ?

ಒಳ್ಳೇ ಮೆಕ್ಯಾನಿಕ್ ಏನು ಮಾಡ್ತಾನೆ? ಲೈಟಿಗೆ ಟೇಪ್ ಅಂಟಿಸಲ್ಲ. ಕೋಡ್ ನೋಡಿದ ಕೂಡಲೇ ಹೊಸ ಸೆನ್ಸರ್ ಬಿಲ್ ಕೂಡ ಮಾಡಲ್ಲ. ಕೋಡ್ ಬೀದಿ ಹೆಸರು ಹೇಳುತ್ತೆ, ಮನೆ ನಂಬರ್ ಹುಡುಕಬೇಕಾದ್ದು ಅವನೇ. ನೀರು ಎಷ್ಟಿದೆ ಅಂತ ಇಂಜಿನ್ ಆರಿದ ಮೇಲೆ ನೋಡ್ತಾನೆ. ಬಿಸಿಯಲ್ಲಿ ಮುಚ್ಚಳ ತೆಗೆದ್ರೆ ಮುಖ ಸುಡುತ್ತೆ. ಆಮೇಲೆ ಮೂರು ಪರೀಕ್ಷೆ.

ಮೊದಲನೇದು, ರಾತ್ರಿಯೆಲ್ಲಾ ನಿಂತ ಕಾರನ್ನ ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಸ್ಕ್ಯಾನರ್ ಹಾಕ್ತಾನೆ. ಕೂಲೆಂಟ್ ಸೆನ್ಸರೂ, ಒಳಗೆ ಬರೋ ಗಾಳಿಯ ಸೆನ್ಸರೂ ಆಗ ಹೆಚ್ಚುಕಡಿಮೆ ಒಂದೇ ಡಿಗ್ರಿ ತೋರಿಸಬೇಕು. ಒಂದು 26, ಇನ್ನೊಂದು 5 ಅಂದ್ರೆ ಒಂದು ಸುಳ್ಳು ಹೇಳ್ತಿದೆ. ದಿನದ ಓಟ ಶುರುವಾಗೋ ಮುಂಚೆ, ಬೆಳಗಿನ ಮೌನದಲ್ಲಿ, 139ನೇ ಕೀರ್ತನೆಯ ಕೊನೆಯಲ್ಲಿ ದಾವೀದ ಬೇಡಿದ ಹಾಗೆ ನನ್ನನ್ನ ಶೋಧಿಸು ಅಂತ ಕೇಳಿ. ನಂಬಿಕಸ್ಥ ಸಹೋದರನೊಬ್ಬನ ಹತ್ರಾನೂ ಕೇಳಿ. ಎರಡು ಸಾಕ್ಷಿ ಇರಲಿ.

ಎರಡನೇದು, ಕನೆಕ್ಟರ್ ಬಿಚ್ಚಿ ವೈರ್ ಪರೀಕ್ಷೆ. ಬಿಚ್ಚಿದಾಗ ಸ್ಕ್ಯಾನರ್ ಮೈನಸ್ 40ರ ಕಡೆ ಇಳೀಬೇಕು, ಎರಡು ತುದಿ ಸೇರಿಸಿದಾಗ ತುಂಬಾ ಬಿಸಿ ಅಂತ ಏರಬೇಕು. ಹಾಗಾಗದಿದ್ರೆ ಸೆನ್ಸರ್ ತಪ್ಪಲ್ಲ, ದಾರಿಯಲ್ಲಿ ತೊಂದರೆ. ಎಲೀಯ ಸಾಯಬೇಕು ಅಂತ ಮಲಗಿದಾಗ ದೇವದೂತ ಅವನನ್ನ ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. 1 ಅರಸುಗಳು 19, ಓದಿ ನೋಡಿ. ತಿಂಗಳುಗಟ್ಟಲೆ ನೈಟ್ ಶಿಫ್ಟ್, ನಿದ್ದೆಯಿಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ, ಅದನ್ನ ಪಾಪದ ಲೆಕ್ಕಕ್ಕೆ ಬರೆದುಕೊಂಡು ಒಬ್ಬರೇ ಕೂರಬೇಡಿ. ಡಾಕ್ಟರ್ ಹತ್ರ ಹೋಗಿ. ಇವತ್ತೇ ಯಾರಿಗಾದ್ರೂ ಹೇಳಿ. ಅದು ಅವಿಶ್ವಾಸ ಅಲ್ಲ.

ಮೂರನೇದು, ಸೆನ್ಸರ್ ಬಿಚ್ಚಿ ಬಿಸಿನೀರಲ್ಲಿ ಇಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಓಮ್ ಅಳೀತಾನೆ. ಸೆನ್ಸರ್ ತನ್ನನ್ನ ತಾನೇ ಪರೀಕ್ಷೆ ಮಾಡಿಕೊಳ್ಳಲಾರದು. ಪೌಲನನ್ನೇ ನೋಡಿ. ಅಪೊಸ್ತಲರ ಕೃತ್ಯಗಳು 26ರಲ್ಲಿ ಅವನೇ ಹೇಳ್ತಾನೆ, ಯೇಸುವಿನ ಹೆಸರಿಗೆ ವಿರೋಧ ಮಾಡೋದೇ ತನ್ನ ಕರ್ತವ್ಯ ಅಂದುಕೊಂಡಿದ್ದನಂತೆ. ಪ್ರಾಮಾಣಿಕ ಮನುಷ್ಯ, ತಪ್ಪು ರೀಡಿಂಗ್. ದಮಸ್ಕದ ದಾರಿಯಲ್ಲಿ ಕರ್ತನು ಎದುರಾದಾಗಲೇ ಅದು ತಿಳಿದದ್ದು. ನಮ್ಮ ಅನಿಸಿಕೆ ಪಕ್ಕದಲ್ಲಿ ದೇವರ ವಾಕ್ಯ ಇಟ್ಟು ನೋಡೋಣ.

ಕೊನೇ ಮಾತು. ಸ್ಕ್ಯಾನರಲ್ಲಿ ಒಂದು ಬಟನ್ ಒತ್ತಿದ್ರೆ ಕೋಡ್ ಅಳಿಸಿಹೋಗುತ್ತೆ. ರಿಪೇರಿ ಮಾಡದೆ ಅಳಿಸಿದ್ರೆ ಲೈಟ್ ಮತ್ತೆ ಹತ್ತುತ್ತೆ. ಭಾನುವಾರ ಅತ್ತು, ಸೋಮವಾರ ಅದೇ ಗಡಸು ನೀರು ಸುರಿದ್ರೆ ಅಷ್ಟೇ ಕಥೆ. ಕ್ರಿಸ್ತನ ರಕ್ತ ಮನಸ್ಸಾಕ್ಷಿಯನ್ನೇ ಶುದ್ಧಿ ಮಾಡುತ್ತೆ ಅಂತ ಇಬ್ರಿಯ 9:14 ಕಲಿಸುತ್ತೆ. ಹಳೇ ಪೊರೆ ಅವನು ತೊಳೀತಾನೆ, ಸೋರೋ ಜಾಗ ಅವನಿಗೆ ತೋರಿಸಿ.

ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ತಂದೆಯೇ, ಸುಮ್ಮನೆ ದೋಷಿ ಅಂತ ಕುಗ್ಗಿರೋ ನಿನ್ನ ಮಕ್ಕಳನ್ನ ಎತ್ತು. ಏನೂ ಅನ್ನಿಸದೆ ಜಡವಾಗಿರೋರನ್ನ, ಇಂಜಿನ್ ಸುಡೋ ಮುಂಚೆ, ಇವತ್ತೇ ಮುಟ್ಟು. ಪರಿಶುದ್ಧಾತ್ಮನೇ, ನಮ್ಮನ್ನ ಶೋಧಿಸು. ಯೇಸುವಿನ ನಾಮದಲ್ಲಿ ಬೇಡ್ತೀವಿ. ಆಮೆನ್.